ಗೊರಗೊರ

ಸೌಂಡ್‌ನವರ ಮುಖವನ್ನು ಜನ ನೋಡುವುದು ಏನಾದರೂ ಕೆಟ್ಟಾಗ ಮಾತ್ರ. ಎಲ್ಲ ಸರಿಯಿದ್ದರೆ ನಾವೊಬ್ಬರು ಅಲ್ಲಿದ್ದೇವೆ ಅನ್ನುವುದೂ ಯಾರಿಗೂ ನೆನಪಿರುವುದಿಲ್ಲ. ಮೈಕ್ ಒಮ್ಮೆ ಕೀಂ ಅಂದರೆ ಸಾಕು, ಸಭಾಂಗಣದ ಅಷ್ಟೂ ತಲೆಗಳು ಹಿಂದಕ್ಕೆ ತಿರುಗುತ್ತವೆ. ಕೊನೆಯ ಸಾಲಿನ ಹಿಂದೆ, ಮಿಕ್ಸರಿನ ಬೆಳಕಿನಲ್ಲಿ ನೀಲಿಗಟ್ಟಿದ ನನ್ನ ಮುಖವನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿ, ನಿಟ್ಟುಸಿರು ಬಿಟ್ಟು ಮತ್ತೆ ಮುಂದಕ್ಕೆ ತಿರುಗುತ್ತವೆ. ಜನರ ಈ ಕೆಟ್ಟ ಅಭ್ಯಾಸವನ್ನೇ ನಂಬಿಕೊಂಡು ನಾನು ಅಪ್ಪನನ್ನು ರಂಗದ ಮೇಲೆ ನಿಲ್ಲಿಸಿಕೊಂಡು ಬಂದಿದ್ದೆ.

ನಮ್ಮದು ಚಿಕ್ಕ ನಾಟಕ ತಂಡ. ಚಿಕ್ಕಪ್ಪ ಯಜಮಾನ, ನಿರ್ದೇಶಕ, ಬೈಗುಳದ ಭಂಡಾರ. ಅಪ್ಪ ಮುಖ್ಯ ನಟ. ಅಮ್ಮ ಇದ್ದಷ್ಟು ದಿನ ಪರದೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುತ್ತಿದ್ದಳು. ಅಪ್ಪನಿಗೆ ಮಾತ್ರ ಆ ಸಹಾಯ ಎಂದೂ ಬೇಕಾಗಲಿಲ್ಲ. ಅಮ್ಮ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ನಾನು ಆಗಲೇ ಮಿಕ್ಸರಿನ ಹಿಂದೆ ಕೂತು ಕೂದಲು ಬೆಳ್ಳಗಾಗಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಅಪ್ಪನಿಗೆ ನಾನು ಪುಟ್ಟಿ. ಸಭಾಂಗಣದ ಮೆಟ್ಟಿಲು ಹತ್ತಿದ ಕೂಡಲೇ ನಾನು ಸೌಂಡಮ್ಮ. 'ಸೌಂಡಮ್ಮೋರೇ, ನನ್ನ ಮೈಕ್ ಸಿಗಿಸ್ತೀರಾ?' ಅಂತ ಕತ್ತು ಚಾಚುತ್ತಿದ್ದ. ಕೆಲಸದ ಜಾಗದಲ್ಲಿ ಅಪ್ಪ-ಮಗಳ ಸಲಿಗೆ ಕೂಡದು ಅನ್ನುವುದು ಅವನ ಶಿಸ್ತು.

ಹಳೆಯ ಮಿಕ್ಸರಿನಲ್ಲಿ ಎಲ್ಲವನ್ನೂ ಕೈಯಿಂದಲೇ ಏರಿಸಿ ಇಳಿಸಬೇಕಿತ್ತು. ಡಿಜಿಟಲ್ ಬಂದ ಮೇಲೆ ನಾಟಕದ ಒಂದೊಂದು ಘಟ್ಟಕ್ಕೂ ಯಾರ ಮೈಕ್ ತೆರೆದಿರಬೇಕು, ಯಾರದು ಮುಚ್ಚಿರಬೇಕು, ಯಾವ ಸದ್ದು ಯಾವ ಸ್ಪೀಕರಿಗೆ ಹೋಗಬೇಕು ಎಂಬುದನ್ನೆಲ್ಲ ಒಂದು 'ಸೀನ್' ಎಂದು ಉಳಿಸಿಡಬಹುದು. ಗುಂಡಿ ಒತ್ತಿದರೆ ಸದ್ದು ಏರಿಸಿ ಇಳಿಸುವ ಫೇಡರುಗಳು ತಾವಾಗಿಯೇ ಸರ್ರನೆ ಜಾರಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದಿದ್ದ.

'ಇದಕ್ಕೆ ದೆವ್ವ ಮೆಟ್ಕೊಂಡಿದೆ ಕಣೇ. ನನಗೂ ಇಂಥದ್ದೊಂದು ಗುಂಡಿ ಇದ್ದಿದ್ರೆ ಜೀವಮಾನ ಎಲ್ಲ ಬಾಯಿಪಾಠ ಮಾಡೋ ಕರ್ಮ ಇರ್ತಿರಲಿಲ್ಲ.'

ಆಗ ನಕ್ಕಿದ್ದೆವು.

ನಟ ರಂಗಕ್ಕೆ ಬರುವ ಮೊದಲು ಅವನ ಮೈಕ್ ಜೀವಂತವಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ಮಿಕ್ಸರಿನಲ್ಲಿ ಅವನ ಮೈಕಿಗೆಂದೇ ಇರುವ ಚಾನೆಲ್ಲಿನ ಮೇಲೊಂದು ಗುಂಡಿಯಿದೆ. ಅದನ್ನು ಒತ್ತಿದರೆ ಸಭಾಂಗಣಕ್ಕೆ ಏನೂ ಕೇಳುವುದಿಲ್ಲ, ನನ್ನ ಹೆಡ್‌ಫೋನಿಗೆ ಮಾತ್ರ ಕೇಳುತ್ತದೆ. ಕಾಲರಿನಲ್ಲಿ ಮೈಕ್ ಇದೆ ಅನ್ನುವುದು ನಟರಿಗೆಲ್ಲ ಗೊತ್ತು, ಆದರೂ ಎಲ್ಲರೂ ಮರೆಯುತ್ತಾರೆ. ಯಾರು ಯಾರನ್ನು ಬೈದರು, ಯಾರ ಹೊಟ್ಟೆ ಗುಡುಗುಟ್ಟಿತು, ಎಲ್ಲ ನನ್ನ ಕಿವಿಗೆ ಬಿದ್ದು ಅಲ್ಲೇ ಸಾಯುತ್ತವೆ. ಅದು ಈ ಕಸುಬಿನ ಮರ್ಯಾದೆ.

ಹಾಗೆ ಒಂದು ಸಂಜೆ ಅಪ್ಪನ ಚಾನೆಲ್ ಒತ್ತಿದಾಗ ಅವನು ನೇಪಥ್ಯದಲ್ಲಿ ಮೊದಲ ಪ್ರವೇಶದ ಸಾಲನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅರ್ಧ ಹೇಳುವುದು, ನಿಲ್ಲುವುದು, ಮತ್ತೆ ಮೊದಲಿನಿಂದ. ವರ್ಷಗಟ್ಟಲೆ ಹೇಳಿ ನಾಲಿಗೆಗೆ ಅಂಟಿದ್ದ ಸಾಲು ಅದು. ಆಮೇಲೆ ಉಸಿರೆಳೆದುಕೊಂಡು, 'ದೇವರೇ, ಇವತ್ತೊಂದಿನ ದಾಟಿಸಿಬಿಡಪ್ಪಾ' ಅಂದ. ಅಪ್ಪ ದೇವರನ್ನು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೆಡ್‌ಫೋನ್ ತೆಗೆದಿಟ್ಟು ಅಂಗೈ ಒರೆಸಿಕೊಂಡೆ.

ಆ ನಾಟಕದಲ್ಲಿ ಅಪ್ಪ ನಿವೃತ್ತ ನ್ಯಾಯಾಧೀಶ. ಕೊನೆಯಲ್ಲಿ ಅವನೊಬ್ಬನೇ ಮೇಜಿನ ಮುಂದೆ ಕೂತು, ತಾನು ನಿರಪರಾಧಿಯೊಬ್ಬನಿಗೆ ಶಿಕ್ಷೆ ಕೊಟ್ಟದ್ದನ್ನು ಎದುರಿನ ಖಾಲಿ ಕುರ್ಚಿಗೆ ಹೇಳಿಕೊಳ್ಳುತ್ತಾನೆ. ಉದ್ದನೆಯ ಮಾತು. ಜನ ಬರುತ್ತಿದ್ದುದೇ ಅದಕ್ಕೆ. ಅಪ್ಪನ ಬದುಕು ನಿಂತಿದ್ದುದೂ ಅದರ ಮೇಲೆಯೇ. ಆ ಮಾತು ಹೇಳಲಾಗದ ದಿನ ಅವನು ಮನೆಯಲ್ಲಿ ಕೂತು ಗೋಡೆ ನೋಡುವ ಮುದುಕ, ಅಷ್ಟೇ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೊದಲ ಸಲ ಅವನು ಅಲ್ಲಿ ಸಾಲು ಮರೆತು ನಿಂತುಹೋದಾಗ ನನಗೆ ತೋಚಿದ್ದು ಒಂದೇ ದಾರಿ. ಹಿಂದೊಮ್ಮೆ ಕೆಟ್ಟ ಕೇಬಲ್ಲೊಂದು ಗೊರಗೊರ ಅಂದದ್ದು ರೆಕಾರ್ಡಾಗಿ ಉಳಿದಿತ್ತು. ಅದನ್ನು ದೊಡ್ಡ ಸ್ಪೀಕರುಗಳಿಗೆ ಬಿಟ್ಟೆ. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಆ ಸದ್ದಿನ ಮರೆಯಲ್ಲಿ, ರಂಗದವರೊಡನೆ ಮಾತಾಡಲು ಮಿಕ್ಸರಿನಲ್ಲಿರುವ ಚಿಕ್ಕ ಮೈಕಿಗೆ ಬಾಯಿ ಹಚ್ಚಿ ಮುಂದಿನ ಸಾಲನ್ನು ಪಿಸುಗುಟ್ಟಿದೆ. ಅದು ಅಪ್ಪನ ಮೇಜಿನಡಿ ಬಚ್ಚಿಟ್ಟಿದ್ದ ಸ್ಪೀಕರಿಗೆ ಮಾತ್ರ ಹೋಗುತ್ತದೆ. ನಟರಿಗೆ ಸಂಗೀತ ಕೇಳಿಸಲೆಂದು ಇಟ್ಟದ್ದು ಅದು. ನನ್ನ ಪಿಸುಮಾತು ಅವನ ಕಾಲರಿನ ಮೈಕಿಗೆ ಸಿಕ್ಕಿ ಊರಿಗೆಲ್ಲ ಕೇಳದಿರಲೆಂದು ಆ ಮೈಕನ್ನು ಮೊದಲೇ ಮುಚ್ಚಿದ್ದೆ. ಅಪ್ಪ ತಲೆಯೆತ್ತಿದ. ಗೊರಗೊರ ನಿಲ್ಲಿಸಿ, ಮೈಕ್ ತೆರೆದೆ. ಮಾತು ಹೊಳೆಯ ಹಾಗೆ ಹರಿಯಿತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಅಷ್ಟನ್ನೂ ಸೇರಿಸಿ ಒಂದು ಸೀನ್ ಮಾಡಿ ಉಳಿಸಿದೆ. ಹೆಸರು ಕೊಡು ಎಂದು ಮಿಕ್ಸರಿನ ಪರದೆ ಕೇಳಿತು. ಗೊರಗೊರ ಅಂತಲೇ ಬರೆದೆ. ಒಂದು ಸಲ ಒತ್ತಿದರೆ ಸದ್ದು ಹೊರಟು, ಅಪ್ಪನ ಮೈಕ್ ಮುಚ್ಚಿ, ನನ್ನ ಪಿಸುಮಾತಿಗೆ ದಾರಿ ತೆರೆಯುತ್ತಿತ್ತು. ಇನ್ನೊಂದು ಸಲ ಒತ್ತಿದರೆ ಎಲ್ಲ ಮೊದಲಿನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರಲ್ಲ, ನಮ್ಮಲ್ಲಿ ನೆಲವೇ ಮುಂದೆ ಬಂದು ನಾನು ಡೊಂಕು ಅಂತ ಒಪ್ಪಿಕೊಳ್ಳುತ್ತಿತ್ತು.

ಈ ವಿಷಯ ನಾವಿಬ್ಬರೂ ಮನೆಯಲ್ಲಿ ಎತ್ತಲಿಲ್ಲ. ಆಟ ಮುಗಿಸಿ ಬಂದು ಊಟಕ್ಕೆ ಕೂತರೆ ಅಪ್ಪ ಉಪ್ಪು ಕಮ್ಮಿ ಅನ್ನುತ್ತಿದ್ದ, ನಾನು ವಯಸ್ಸಾದವರಿಗೆ ಅಷ್ಟೇ ಸಾಕು ಅನ್ನುತ್ತಿದ್ದೆ. ಒಮ್ಮೊಮ್ಮೆ ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಿದ್ದ. ಅದನ್ನು ಎಲ್ಲ ಮುದುಕರೂ ಮಾಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನನ್ನ ಪಿಸುಮಾತು ಅವನಿಗೆ ತಲುಪುತ್ತಿದೆ, ಅವನಿಗೆ ಎಲ್ಲ ತಿಳಿದಿದೆ, ನಾಚಿಕೆಯಿಂದ ಸುಮ್ಮನಿದ್ದಾನೆ ಎಂದುಕೊಂಡಿದ್ದೆ. ನಾನೂ ಸುಮ್ಮನಿರುವುದೇ ಅವನಿಗೆ ಮಾಡುವ ಮರ್ಯಾದೆ ಎಂದುಕೊಂಡಿದ್ದೆ.

ಗೊರಗೊರ ಹೆಚ್ಚುತ್ತ ಹೋಯಿತು. ಮೊದಲು ಆಗೊಮ್ಮೆ ಈಗೊಮ್ಮೆ ಬೇಕಾಗುತ್ತಿದ್ದುದು ಆಮೇಲೆ ಆಟಕ್ಕೊಂದಾಯಿತು, ಕಡೆಗೆ ಒಂದೇ ಆಟದಲ್ಲಿ ಮತ್ತೆ ಮತ್ತೆ. ಚಿಕ್ಕಪ್ಪ ಕೇಬಲ್ ಬದಲಿಸಿದ, ಮೈಕ್ ಬದಲಿಸಿದ, ಸಭಾಂಗಣದವರ ಜೊತೆ ಜಗಳವಾಡಿದ. ಕಡೆಗೆ ಒಂದು ಸಂಜೆ ಜನವೆಲ್ಲ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ನಡೆದು ಬಂದು ನನ್ನೆದುರು ನಿಂತ.

'ಒಂದು ಮಾತು ಕೇಳ್ತೀನಿ, ನಿಜ ಹೇಳು. ನಿಮ್ಮಪ್ಪ ಮಾತು ಮರೀತಿದ್ದಾನಾ? ನಿನ್ನ ಕಿವಿಗೆ ಎಲ್ಲ ಬೀಳುತ್ತೆ. ನನಗೆ ಯಾಕೋ ಅನುಮಾನ.'

'ಅಪ್ಪನಾ? ಅಪ್ಪನಿಗೆ ಬೇರೆಯವರ ಪಾತ್ರದ ಮಾತೂ ಬಾಯಿಗೆ ಬರುತ್ತೆ ಚಿಕ್ಕಪ್ಪ.'

'ಹಾಗಾದ್ರೆ ಈ ದರಿದ್ರ ಸದ್ದು ಎಲ್ಲಿಂದ ಬರ್ತಿದೆ?'

'ನನ್ನ ಕೈಯಿಂದಲೇ ಏನೋ ಎಡವಟ್ಟಾಗ್ತಿದೆ. ನೋಡ್ತೀನಿ.'

ಅವನು ಬೈಯಲಿಲ್ಲ. ಚಿಕ್ಕಪ್ಪ ಬೈಯದೆ ಹೋದರೆ ಹೆದರಬೇಕು ಅನ್ನುವುದು ತಂಡದಲ್ಲಿ ಎಲ್ಲರಿಗೂ ಗೊತ್ತು.

ಮುಂದಿನ ಆಟದಲ್ಲಿ, ಎರಡನೆಯ ಅಂಕಕ್ಕೆ ಮುಂಚೆ ಎಂದಿನಂತೆ ಅಪ್ಪನ ಚಾನೆಲ್ ಒತ್ತಿ ಹೆಡ್‌ಫೋನ್ ಏರಿಸಿಕೊಂಡೆ. ಬಣ್ಣದ ಕೋಣೆಯಲ್ಲಿ ಅಣ್ಣ ತಮ್ಮ ಮಾತಾಡುತ್ತಿದ್ದರು.

'ನೀನು ಹೇಳ್ತೀಯೋ, ನಾನೇ ಹೇಳಲೋ?' ಇದು ಚಿಕ್ಕಪ್ಪ, ಸ್ವಲ್ಪ ದೂರದಿಂದ.

'ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ, ಮಗಳು.' ಇದು ಅಪ್ಪ. ಕಾಲರಿನ ಮೈಕಿಗೆ ಬಾಯಿ ಹತ್ತಿರ, ನನ್ನ ಕಿವಿಯೊಳಗೇ ಕೂತು ಮಾತಾಡಿದಂತೆ. 'ಅವಳ ಕೈ ಸೋತಿದೆ ಕಣೋ. ಮಾತು ನನ್ನ ನಾಲಿಗೆ ತುದೀಲಿರುತ್ತೆ, ಸರಿಯಾಗಿ ಅದೇ ಹೊತ್ತಿಗೆ ಆ ಗೊರಗೊರ ಬಂದು ಕಿತ್ಕೊಂಡು ಹೋಗುತ್ತೆ. ನಾನಾಗಿದ್ದಕ್ಕೆ ಸರಿಹೋಯ್ತು, ಹೇಗೋ ತಾನಾಗಿ ಹೊಳೆಯುತ್ತೆ, ಮುಂದುವರಿಸ್ತೀನಿ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಮುಗೀತಿತ್ತು. ಬೇರೆಯವರನ್ನ ಕರೆಸಿಬಿಡು.'

ನಾನು ಹೆಡ್‌ಫೋನ್ ತೆಗೆಯಲಿಲ್ಲ. ಅಪ್ಪ ಲೋಟದಿಂದ ನೀರು ಕುಡಿದದ್ದು ಕೇಳಿಸಿತು, ಗಂಟಲಿನಲ್ಲಿ ಇಳಿದದ್ದೂ ಕೇಳಿಸಿತು. ಅವನಿಗೆ ತಿಳಿದಿದೆ ಎಂದು ನಾನು ಕಟ್ಟಿಕೊಂಡಿದ್ದ ಕತೆಯಷ್ಟೂ ಒಂದೇ ಗುಟುಕಿಗೆ ಹೋಯಿತು. ಅವನ ಲೆಕ್ಕದಲ್ಲಿ ಗೊರಗೊರದಿಂದ ಮರೆವು, ಮರೆವಿನಿಂದ ಗೊರಗೊರ ಅಲ್ಲ. ನಾನು ಪಿಸುಗುಟ್ಟಿದ ಸಾಲುಗಳೆಲ್ಲ ಅವನಿಗೆ ತಾನಾಗಿ ಹೊಳೆದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದುಂಟು, ಸರಿ. ಆದರೆ ಎಮ್ಮೆಯೇ ಬೆನ್ನು ಕೊಟ್ಟು ನಿಂತಿದೆ ಅನ್ನುವುದಾದರೂ ಎತ್ತಿಗೆ ಗೊತ್ತಿರಬಾರದೇ?

ಆ ದಿನವೂ ಅವನು ಕೊನೆಯ ಮಾತಿನಲ್ಲಿ ನಿಂತ. ಬಿಡು, ಅವನೇ ಅನುಭವಿಸಲಿ ಎಂದು ತೋಳು ಕಟ್ಟಿ ಕೂತೆ. ಆದರೆ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದ ಅವನ ಗದ್ದ ಅದುರಿತು. ಕೈ ತಾನೇ ಹೋಗಿ ಗುಂಡಿ ಒತ್ತಿತು. ಜನ ತಿರುಗಿ ನೋಡಿದರು, ಯಾರೋ 'ಥೂ' ಅಂದರು. ನಾನು ಸಾಲು ಹೇಳಿಕೊಟ್ಟೆ.

ನನ್ನ ಜಾಗಕ್ಕೆ ಹೊಸಬ ಬಂದ. ತಲೆಗೆ ಟೋಪಿ, ಕಡಿಮೆ ಮಾತು, ಕೈ ತೊಳೆದುಕೊಂಡು ಮಿಕ್ಸರ್ ಮುಟ್ಟುವಂಥ ಮನುಷ್ಯ. ಹೊಟ್ಟೆಕಿಚ್ಚು ಪಡೋಣವೆಂದರೂ ದೂರು ಹೇಳಲು ಏನೂ ಸಿಗಲಿಲ್ಲ. ಇಬ್ಬರೂ ಕೂತು ನನ್ನ ಸೀನುಗಳನ್ನು ಒಂದೊಂದಾಗಿ ನೋಡಿದೆವು. ಎಲ್ಲ ಅಚ್ಚುಕಟ್ಟಾಗಿದೆ ಎಂದು ತಲೆಯಾಡಿಸುತ್ತಿದ್ದವನು ಒಂದು ಕಡೆ ನಿಂತ.

'ಈ ಗೊರಗೊರ ಏನು? ಇದರಲ್ಲಿ ಮುಖ್ಯ ಪಾತ್ರದ ಮೈಕೇ ಮುಚ್ಚಿದೆಯಲ್ಲ. ಒಳಗೆ ಎಂಥದೋ ಕೆಟ್ಟ ಸದ್ದೂ ಇದೆ.'

ಈಗಲಾದರೂ ಹೇಳಬಹುದಿತ್ತು. ಮುದುಕ ಸುಮ್ಮನಾದರೆ ಇದನ್ನು ಒತ್ತು, ಈ ಮೈಕಿನಲ್ಲಿ ಸಾಲು ಹೇಳು, ಅಷ್ಟೇ ಎನ್ನಬಹುದಿತ್ತು. ನನ್ನೊಳಗೆ ಕೋಪ ಕುದಿಯುತ್ತಿತ್ತು. ಉಪ್ಪು ತಿಂದವರು ನೀರು ಕುಡಿಯಲಿ ಅಂದುಕೊಂಡೆ.

'ಹಳೇದು. ಅಳಿಸಿಬಿಡಿ.'

'ಖಂಡಿತಾನಾ? ಆಮೇಲೆ ವಾಪಸ್ ಬರಲ್ಲ.'

'ಬರೋದು ಬೇಡ, ಅಳಿಸಿ.'

ಅವನು ಅಳಿಸಿದ.

ಹೊಸಬನ ಮೊದಲ ಆಟಕ್ಕೆ ನಾನು ಬರುವುದಿಲ್ಲ ಅಂದೆ. ಅಪ್ಪ ಬಿಡಲಿಲ್ಲ. ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿಯನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಬಿಚ್ಚಿ ಸರಿಯಾಗಿ ಹಾಕಿದೆ.

'ಕೋಪ ಮಾಡ್ಕೊಂಡಿದ್ದೀಯಾ?' ಅಂದ.

'ಇಲ್ಲ.'

'ಹಾಗಾದ್ರೆ ಬಾ. ಇಷ್ಟು ವರ್ಷ ಆ ಪೆಟ್ಟಿಗೆ ದೀಪಗಳನ್ನೇ ನೋಡ್ಕೊಂಡು ಕೂತೆ. ಒಂದ್ಸಲ ಜನರ ಮಧ್ಯೆ ಕೂತು ನಿಮ್ಮಪ್ಪನ್ನ ನೋಡು.'

ಹೋದೆ. ನಡುಸಾಲಿನ ತುದಿಯ ಕುರ್ಚಿ. ಕೈಗೆ ಮುಟ್ಟಲು ಏನೂ ಇಲ್ಲದೆ ಬೆರಳುಗಳು ಅನಾಥವಾಗಿ ತೊಡೆಯ ಮೇಲೆ ಬಿದ್ದಿದ್ದವು. ಬೆಳಕು ಆರಿ ಪರದೆ ಎದ್ದಿತು. ಹೊಸಬನ ಸೌಂಡ್ ತಿಳಿನೀರಿನ ಹಾಗಿತ್ತು. ಅಪ್ಪನ ಉಸಿರಿನ ಎಳೆ ಕೂಡ ಸ್ಪಷ್ಟ. ಮೊದಲ ಅಂಕ ನಿರಾಳವಾಗಿ ದಾಟಿತು. ಎರಡನೆಯದೂ ದಾಟುತ್ತ ಬಂತು. ಎಲ್ಲೂ ತಡವರಿಸಲಿಲ್ಲ. ನಿಜವಾಗಿಯೂ ಆ ಗೊರಗೊರವೇ ಅವನನ್ನು ಹಾಳು ಮಾಡಿತ್ತೇ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಹಾಗೇ ಆಗಿರಲಿ, ತಪ್ಪು ನನ್ನದೇ ಆಗಿರಲಿ ಎಂದು ಬೇಡಿಕೊಂಡೆ.

ಕೊನೆಯ ದೃಶ್ಯ. ಮೇಜು, ಖಾಲಿ ಕುರ್ಚಿ, ಅಪ್ಪ.

'ಆ ಹುಡುಗ ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಣ್ಣು ನೋಡಲಿಲ್ಲ. ಗಡಿಯಾರ ನೋಡಿದೆ.'

ನಿಂತ.

ಜನ ಮುಂದಕ್ಕೆ ಬಾಗಿದರು. ಎಂಥ ಮೌನ, ಎಂಥ ನಟನೆ ಎಂದುಕೊಂಡಿರಬೇಕು. ಮೌನ ಉದ್ದವಾಯಿತು. ಅಷ್ಟು ಚೊಕ್ಕ ಮೌನವನ್ನು ನಾನೆಂದೂ ಕೇಳಿರಲಿಲ್ಲ. ಒಂದು ಕೇಬಲ್ ಕೂಡ ಕೆಮ್ಮಲಿಲ್ಲ. ಅಪ್ಪನ ಕಣ್ಣು ಖಾಲಿ ಕುರ್ಚಿಯಿಂದ ಇಳಿದು ಮೇಜಿನ ಕೆಳಗೆ, ಆ ಚಿಕ್ಕ ಸ್ಪೀಕರಿನ ಮೇಲೆ ಹೋಗಿ ಕೂತಿತು. ಊಟಕ್ಕೆ ಕಾದ ಮಗು ಒಲೆಯ ಕಡೆ ನೋಡಿದ ಹಾಗೆ ನೋಡಿದ. ಅಲ್ಲಿಂದ ಏನೂ ಬರಲಿಲ್ಲ. ಸ್ವಲ್ಪ ಬಾಗಿ, ನ್ಯಾಯಾಧೀಶನದಲ್ಲದ, ನಮ್ಮ ಅಡುಗೆಮನೆಯ ದನಿಯಲ್ಲಿ ಕೇಳಿದ.

'ಪುಟ್ಟೀ, ಮುಂದೇನೇ?'

ಹೊಸಬನ ಮೈಕ್ ಅದನ್ನು ಕೊನೆಯ ಸಾಲಿನವರೆಗೂ ತಿಳಿಯಾಗಿ ಮುಟ್ಟಿಸಿತು.

ನನ್ನ ಕೈ ಗುಂಡಿ ಹುಡುಕಿತು. ಕುರ್ಚಿಯ ತೋಳು ಸಿಕ್ಕಿತು. ಎದ್ದು ನಿಂತೆ. ಜೀವಮಾನವೆಲ್ಲ ಬೇರೆಯವರ ದನಿ ಏರಿಸಿದವಳು, ನನ್ನ ದನಿ ಎಷ್ಟು ದೂರ ಹೋಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

'ಊಟದ ಹೊತ್ತಾಗಿತ್ತು,' ಎಂದು ಕೂಗಿದೆ.

ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಅಪ್ಪ ತಿರುಗಲಿಲ್ಲ. ಸ್ಪೀಕರನ್ನೇ ನೋಡುತ್ತ, 'ಊಟದ ಹೊತ್ತಾಗಿತ್ತು' ಅಂದ. ಅಷ್ಟಕ್ಕೇ ಮತ್ತೆ ನಿಂತ. ಈ ಸಲ ಒಂದು ಸಾಲು ಕೊಟ್ಟರೂ ಹೊಳೆ ಹರಿಯಲಿಲ್ಲ. ಹೊಳೆ ಬತ್ತಿತ್ತು.

'ಹಸಿದವನ ಕೈಗೆ ತಕ್ಕಡಿ ಕೊಡಬಾರದು.'

'ಹಸಿದವನ ಕೈಗೆ ತಕ್ಕಡಿ ಕೊಡಬಾರದು.'

'ನಾನು ಓದಿದ ತೀರ್ಪು ಎರಡೇ ಸಾಲು.'

'ನಾನು ಓದಿದ ತೀರ್ಪು...'

'ಎರಡೇ ಸಾಲು ಅಪ್ಪ.'

'ಎರಡೇ ಸಾಲು.'

ಹೀಗೆ ಕೊನೆಯವರೆಗೆ. ನಾನು ಹೇಳುವುದು, ಅವನು ಹೇಳುವುದು. ನನ್ನದು ಬರಿಯ ಗಂಟಲು, ಅವನದು ಸ್ಪೀಕರಿನಲ್ಲಿ ಹಿಗ್ಗಿದ ದನಿ. ನಡುವೆ ನಾನು ಉಸಿರೆಳೆದುಕೊಳ್ಳಲು ನಿಂತೆ. ಅವನು ಕಾದ. ರಂಗದ ಮಗ್ಗುಲಿನ ಮರೆಯಲ್ಲಿ ಚಿಕ್ಕಪ್ಪ ಪರದೆಯ ಹಗ್ಗ ಹಿಡಿದು ನಿಂತದ್ದು ಕಾಣುತ್ತಿತ್ತು. ಎಳೆದುಬಿಡು ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವನು ಎಳೆಯಲಿಲ್ಲ. ಹೊಸಬನೂ ಅಪ್ಪನ ಫೇಡರ್ ಇಳಿಸಲಿಲ್ಲ. ಒಬ್ಬರೂ ಕೆಮ್ಮಲಿಲ್ಲ, ನಗಲಿಲ್ಲ, ಎದ್ದು ಹೋಗಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

'ಈಗ ಯಾರಾದರೂ ನನ್ನ ಹೆಸರು ಕೂಗಿ,' ಅಂದೆ.

'ಈಗ ಯಾರಾದರೂ ನನ್ನ ಹೆಸರು ಕೂಗಿ.'

ಕೊನೆಯ ಸಾಲನ್ನು ನಾನು ಹೇಳುವ ಮೊದಲೇ ಅವನು ಎದ್ದು ನಿಂತ. 'ನಾನು ಎದ್ದು ನಿಲ್ಲುತ್ತೇನೆ' ಎಂದು ತಾನೇ ಹೇಳಿದ. ಅದೊಂದು ಉಳಿದಿತ್ತು.

ಜನ ಚಪ್ಪಾಳೆ ತಟ್ಟಿದರೋ ಇಲ್ಲವೋ ನನಗೆ ನೆನಪಿಲ್ಲ. ಪಕ್ಕದ ಬಾಗಿಲಿನಿಂದ ಒಳಗೆ ಓಡಿದೆ. ಚಿಕ್ಕಪ್ಪ ಬಟ್ಟೆಯ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದ.

'ಗೊರಗೊರ ನೀನೇ ಮಾಡ್ತಿದ್ದದ್ದಾ?'

'ಹೂಂ.'

'ನಾನು ಕೇಳಿದಾಗ ಹೇಳಬಾರದಿತ್ತೇನೇ?'

'ಹೇಳಿದ್ರೆ ಪಾತ್ರ ಕಿತ್ಕೋತಿದ್ದೆ.'

ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. 'ಮುಂದಿನ ಆಟಗಳನ್ನೆಲ್ಲ ನಿಲ್ಲಿಸ್ತೀನಿ. ಅಣ್ಣನಿಗೆ ನೀನೇ ಹೇಳು. ನನ್ನ ಕೈಲಾಗಲ್ಲ,' ಅಂದ. ನನ್ನ ಕೆಲಸ ಹೋಗಿದೆ ಎಂದು ಹೇಳುವ ಕೆಲಸವನ್ನು ಇವರಿಬ್ಬರೂ ಒಬ್ಬರ ಮೇಲೊಬ್ಬರು ಹಾಕಿಕೊಂಡದ್ದು ನೆನಪಾಯಿತು. ಈಗ ಸುತ್ತಿ ಬಳಸಿ ಸರದಿ ನನ್ನದಾಗಿತ್ತು.

ಬಣ್ಣದ ಕೋಣೆಯಲ್ಲಿ ಅಪ್ಪ ಕನ್ನಡಿಯ ಮುಂದೆ ಕೂತಿದ್ದ. ಮುಖದಲ್ಲಿ ಆಯಾಸವಿತ್ತು, ಆದರೆ ಒಳ್ಳೆಯ ಆಟ ಮುಗಿಸಿದವನ ಆಯಾಸ. ಹೊಸಬ ಮೈಕನ್ನು ಕಾಲರಿಗೆ ಸಿಗಿಸದೆ ಕೂದಲಂಚಿಗೆ ಟೇಪಿನಿಂದ ಅಂಟಿಸಿದ್ದ.

'ಬಂದ್ಯಾ? ನೀನೇ ತೆಗಿ ಇದನ್ನ. ಅವನು ಎಳೆದ್ರೆ ಇರೋ ನಾಲ್ಕು ಕೂದ್ಲೂ ಹೋಗುತ್ತೆ.'

ಹಿಂದೆ ನಿಂತು ಟೇಪಿನ ತುದಿಯನ್ನು ಉಗುರಿನಿಂದ ಬಿಡಿಸತೊಡಗಿದೆ. ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ.

'ನೋಡಿದ್ಯಾ? ಇವತ್ತು ಮೈಕ್ ಒಂದ್ಸಲಾನೂ ಕೈಕೊಡಲಿಲ್ಲ. ಕೆಲಸ ಗೊತ್ತಿರೋನು ಅವನು.'

'ಹೌದಪ್ಪ. ಗೊತ್ತಿರೋನು.'

'ನೀನು ಬೇಜಾರು ಮಾಡ್ಕೋಬೇಡ ಪುಟ್ಟಿ.' ಕೈ ಹಿಂದಕ್ಕೆ ಚಾಚಿ ನನ್ನ ಮಣಿಕಟ್ಟನ್ನು ತಟ್ಟಿದ. 'ಎಲ್ಲರಿಗೂ ಒಂದಲ್ಲ ಒಂದಿನ ಕೈ ಸೋಲುತ್ತೆ. ಒಪ್ಪಿಕೊಂಡು ಮನೇಲಿರಬೇಕು. ಅದರಲ್ಲಿ ನಾಚಿಕೆ ಏನು?'

'ಏನೂ ಇಲ್ಲಪ್ಪ,' ಅಂದೆ. ಕೂದಲು ಕೀಳದ ಹಾಗೆ ನಿಧಾನವಾಗಿ ಟೇಪು ಬಿಡಿಸಿದೆ.